ಮಂಡಿಯ ಮೊಕದ್ದಮೆ

ನಮ್ಮ ಕೂಟದಲ್ಲಿ ರಾಜಕೀಯ ಮುಗಿದ ಮೇಲೆ ಉಳಿಯುವ ವಿಷಯ ಒಂದೇ, ಮಂಡಿನೋವು. ಈ ವಿಷಯದಲ್ಲಿ ಎಲ್ಲರೂ ಪಂಡಿತರೇ; ತಲೆಗೆ ಎರಡೆರಡು ಮಂಡಿಗಳ ಅನುಭವವಿದೆಯಲ್ಲ!

"ವಯಸ್ಸಾಯಿತು, ಇನ್ನೇನು," ಎಂದು ಲೆಕ್ಕದ ಮೇಷ್ಟರು ತೀರ್ಪು ಕೊಟ್ಟುಬಿಟ್ಟರು.

ನಿವೃತ್ತ ವಕೀಲರಿಗೆ ರೇಗಿತು. "ವಿಚಾರಣೆಯೇ ಇಲ್ಲದೆ ತೀರ್ಪೇ? ನೋಯುತ್ತಿರುವುದು ನನ್ನ ಬಲಮಂಡಿ. ಎಡಮಂಡಿಗೂ..."

"ಎಡಮಂಡಿಗೂ ಅಷ್ಟೇ ವಯಸ್ಸು, ಅದೇಕೆ ನೋಯುವುದಿಲ್ಲ ಎನ್ನುತ್ತೀರಿ, ಅಲ್ಲವೇ?" ನಮ್ಮಲ್ಲಿ ಕಿರಿಯನಾದ ಓಟದ ಹುಚ್ಚಿನವನು ಕೈಮುಗಿದ. "ದಯವಿಟ್ಟು ಬೇಡ. ನಮ್ಮ ತಾತನೂ ಆ ಜೋಕಿಗೆ ನಗುವುದನ್ನು ಬಿಟ್ಟಿದ್ದರು."

"ಜೋಕು ಹಳೆಯದಿರಬಹುದು. ಪ್ರಶ್ನೆಗೆ ಉತ್ತರ ಕೊಟ್ಟವರು ಯಾರು?"

ಮೂಳೆ ಡಾಕ್ಟರು ಬಾಯಿ ತೆರೆದರು. "ಪ್ರಶ್ನೆ ಸರಿಯಾಗಿಯೇ ಇದೆ. ಆ ಬಲಮಂಡಿಗೆ ಹಿಂದೆ ಎಂದಾದರೂ ಪೆಟ್ಟು ಬಿದ್ದಿತ್ತೇ?"

"ಕಾಲೇಜಿನಲ್ಲಿ ಫುಟ್‌ಬಾಲ್ ಆಡುವಾಗ ತಿರುಚಿತ್ತು. ಟಪ್ ಎಂದು ಸದ್ದಾಗಿ, ಸಂಜೆಯೊಳಗೆ ಊದಿಕೊಂಡಿತ್ತು. ಆದರೆ ಅದು ಅವಧಿ ಮೀರಿದ ದಾವೆ, ಬಿಡಿ."

"ಮಂಡಿಯ ನ್ಯಾಯಾಲಯದಲ್ಲಿ ಯಾವ ದಾವೆಗೂ ಅವಧಿ ಮೀರುವುದಿಲ್ಲ ವಕೀಲರೇ. ಅಂದು ಕೀಲಿನ ಒಳಗೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿ, ಅಂದರೆ ಅಸ್ಥಿರಜ್ಜು, ಹರಿದಿರಬಹುದು; ಮೆನಿಸ್ಕಸ್ ಎಂಬ ಅರ್ಧಚಂದ್ರದ ಆಕಾರದ ಮೆತ್ತೆ ಸೀಳಿರಬಹುದು. ಹಾಗೆ ಪೆಟ್ಟು ತಿಂದ ಕೀಲು ಎಷ್ಟೋ ವರ್ಷಗಳ ಮೇಲೆ, ಉಳಿದವರಿಗಿಂತ ಬೇಗ ಸವೆಯತೊಡಗುತ್ತದೆ. ವಯಸ್ಸು ಸಹ ಆರೋಪಿ, ನಿಜ. ಆದರೆ ಒಂದನೇ ಆರೋಪಿ ಆ ಫುಟ್‌ಬಾಲು."

ವಕೀಲರು ಗೆದ್ದವರಂತೆ ಸುತ್ತಲೂ ನೋಡಿ, ಚೀಲದಿಂದ ಎಕ್ಸ್-ರೇ ಹೊರತೆಗೆದರು. ಇದನ್ನು ಅವರು ಯಾವಾಗಲೂ ಜೊತೆಯಲ್ಲೇ ಇಟ್ಟುಕೊಂಡಿರುತ್ತಾರೆಂದು ನನಗೆ ಬಹಳ ದಿನಗಳಿಂದ ಗುಮಾನಿ. "ದಾಖಲೆ ಇಲ್ಲಿದೆ!"

"ಈ ದಾಖಲೆಯನ್ನು ಪೂರ್ತಿ ನಂಬುವಂತಿಲ್ಲ," ಎಂದರು ಡಾಕ್ಟರು. "ಚಿತ್ರದಲ್ಲಿ ಮಂಡಿ ಪೂರಾ ಸವೆದಿದ್ದರೂ ಆರಾಮವಾಗಿ ಓಡಾಡುವವರಿದ್ದಾರೆ, ಚಿತ್ರ ಚೆನ್ನಾಗಿದ್ದರೂ ನರಳುವವರಿದ್ದಾರೆ. ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಎರಡು ಮೂಳೆಗಳ ನಡುವಿನ ಸಂದು ಕಿರಿದಾಗಿದ್ದರೆ, ಅದು ತೆಳುವಾಗಿದೆ ಎಂದು ಊಹಿಸುತ್ತೇವೆ. ಇನ್ನೊಂದು ವಿಚಿತ್ರ ಕೇಳಿ: ಆ ಮೃದ್ವಸ್ಥಿಗೆ ನರಗಳೇ ಇಲ್ಲ. ಅದು ಸವೆದರೂ ಅದಕ್ಕೆ ನೋವಾಗದು. ನೋಯುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು."

"ಅಂದರೆ ಕೊಲೆಯಾದವನು ತೆಪ್ಪಗಿದ್ದಾನೆ, ನೆರೆಹೊರೆಯವರು ದೂರು ಕೊಟ್ಟಿದ್ದಾರೆ."

"ಅಷ್ಟೇ ಅಲ್ಲ, ಸುಳ್ಳು ಸಾಕ್ಷಿಯೂ ಉಂಟು. ಸೊಂಟದ ಕೀಲು ಕೆಟ್ಟಾಗ ಕೆಲವರಿಗೆ ನೋಯುವುದು ಮಂಡಿ. ಎರಡಕ್ಕೂ ಕೆಲವು ನರಗಳು ಒಂದೇ. ಮಂಡಿಗೆ ಮುಲಾಮು ತಿಕ್ಕಿ ತಿಕ್ಕಿ ಕೈ ಸೋತ ಮೇಲೆ ಅಪರಾಧಿ ಮೇಲಂತಸ್ತಿನಲ್ಲಿದ್ದಾನೆ ಎಂದು ತಿಳಿಯುತ್ತದೆ."

ಮೇಷ್ಟರಿಗೆ ಇದರಲ್ಲಿ ಅಂಕಿಗಳೇ ಇಲ್ಲವಲ್ಲ ಎಂಬ ಬೇಸರ. ಡಾಕ್ಟರು ಅದನ್ನೂ ನೀಗಿಸಿದರು. ತೂಕ ಹೆಚ್ಚಿರುವ, ಮಂಡಿ ಸವೆದ ಹಿರಿಯರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿದೆಯಂತೆ.

"ಆಹಾ! ಹತ್ತು ಕಿಲೋ ಇಳಿಸಿದರೆ ನಲವತ್ತು. ಅದನ್ನು ಸಾವಿರ ಹೆಜ್ಜೆಗಳಿಂದ ಗುಣಿಸಿದರೆ..." ಎಂದು ಬೆರಳು ಮಡಿಸತೊಡಗಿದ ಮೇಷ್ಟರು, ನಮ್ಮೆಲ್ಲರ ದೃಷ್ಟಿ ತಮ್ಮ ಹೊಟ್ಟೆಯ ಮೇಲೆ ನೆಟ್ಟಿರುವುದನ್ನು ಕಂಡು ಗುಣಾಕಾರವನ್ನು ಅರ್ಧಕ್ಕೇ ನಿಲ್ಲಿಸಿದರು.

"ನನಗಂತೂ ಹೊಟ್ಟೆಯೇ ಇಲ್ಲ," ಎಂದ ಓಟದವನು. "ಆದರೂ ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು. ಓಡಿದರೆ ಮಂಡಿ ಸವೆಯುತ್ತದೆ ಎನ್ನುವುದು ಹಾಗಾದರೆ ನಿಜವೇ?"

"ಹವ್ಯಾಸಕ್ಕೆ ಓಡುವವರ ಮಂಡಿ ಅದರಿಂದಲೇ ಸವೆಯುತ್ತದೆ ಎನ್ನಲು ಆಧಾರವಿಲ್ಲ. ಈಚೆಗೆ ಓಟದ ದೂರವನ್ನು ದಿಢೀರನೆ ಹೆಚ್ಚಿಸಿದೆಯಾ?"

ಓಟದವನು ಆಕಾಶ ನೋಡಿದ.

"ಸರಿ ಬಿಡು. ಸಿನಿಮಾ ನೋಡುತ್ತ ಮಂಡಿ ಮಡಿಸಿ ಬಹಳ ಹೊತ್ತು ಕುಳಿತರೂ ನೋಯುತ್ತಿರಬೇಕು. ವೈದ್ಯರು ಇದನ್ನು ಥಿಯೇಟರ್ ಸೈನ್ ಎಂದೇ ಕರೆಯುತ್ತಾರೆ."

"ಕೆಟ್ಟ ಸಿನಿಮಾದಿಂದ ತಲೆಯೊಂದೇ ನೋಯುತ್ತದೆ ಎಂದುಕೊಂಡಿದ್ದೆ," ಎಂದರು ಮೇಷ್ಟರು, ಹೊಟ್ಟೆಯ ಮೇಲೆ ದಿನಪತ್ರಿಕೆ ಹರಡಿಕೊಳ್ಳುತ್ತ.

ಇಷ್ಟು ಹೊತ್ತು ಕಾದಿದ್ದ ನಾನು ನನ್ನ ಅಹವಾಲು ಮುಂದಿಟ್ಟೆ. ಎದ್ದಾಗ ಕೂತಾಗ ನನ್ನ ಎರಡೂ ಮಂಡಿಗಳು ಲಟಲಟ ಎನ್ನುತ್ತವೆ. ಪಕ್ಕದ ಕೋಣೆಯವರಿಗೂ ಕೇಳಿಸುತ್ತದೆ.

"ನೋವಿದೆಯೇ? ಊತ?"

"ಇಲ್ಲ."

"ಹಾಗಾದರೆ ಏನೂ ಇಲ್ಲ." ನನ್ನ ಪ್ರಕರಣ ದಾಖಲಾಗುವ ಮೊದಲೇ ವಜಾ. ಕಾಯಿಲೆ ಇಲ್ಲ ಎಂದು ಅಷ್ಟು ಜನರ ಎದುರಿಗೆ ಹೇಳಿಸಿಕೊಳ್ಳುವುದೂ ಒಂದು ಅವಮಾನವೇ.

ಡಾಕ್ಟರು ಗಂಭೀರವಾದದ್ದು ಒಂದೇ ವಿಷಯಕ್ಕೆ. ಮಂಡಿ ದಿಢೀರನೆ ಊದಿ, ಮುಟ್ಟಿದರೆ ಬಿಸಿಯಾಗಿದ್ದು, ಜ್ವರವೂ ಬಂದರೆ ಅಂದೇ ವೈದ್ಯರ ಬಳಿ ಹೋಗಬೇಕು. ಅದು ಯೂರಿಕ್ ಆಮ್ಲದ ಹರಳುಗಳಿಂದ ಬರುವ ಗೌಟ್ ಆಗಿರಬಹುದು, ಕೀಲಿನೊಳಗಿನ ಸೋಂಕೂ ಆಗಿರಬಹುದು. ಸೋಂಕಾಗಿದ್ದರೆ ಕೆಲವೇ ದಿನಗಳಲ್ಲಿ ಕೀಲನ್ನು ಹಾಳುಮಾಡುತ್ತದೆ. ಮಂಡಿ ಮಡಿಸಿದಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೂ ಮನೆಮದ್ದು ಮಾಡುತ್ತ ಕೂರಬಾರದು. ಇಷ್ಟು ಹೇಳುವಾಗ ಯಾರೂ ನಗಲಿಲ್ಲ.

"ನನಗೆ ವಿಶ್ರಾಂತಿಯೇ ಪರಿಹಾರ ತಾನೇ?" ವಕೀಲರ ದನಿಯಲ್ಲಿ ಆಸೆಯಿತ್ತು.

"ತದ್ವಿರುದ್ಧ. ಮಂಡಿಯ ಭಾರ ಹೊರುವುದು ತೊಡೆಯ ಮುಂಭಾಗದ ಸ್ನಾಯು. ನೋವೆಂದು ಕುಳಿತರೆ ಅದು ಸೊರಗುತ್ತದೆ, ಅದು ಸೊರಗಿದಷ್ಟೂ ನೋವು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತು ತೋರಿಸಿ, ನೋಡೋಣ."

ವಕೀಲರು ಮುಂದಿನ ವಾಯಿದೆ ಕೇಳಿದರು. ಕೊಡಲಿಲ್ಲ. ಕೊನೆಗೆ ಪಂಚೆ ಎತ್ತಿ ಕಟ್ಟಿ ಶುರುಮಾಡಿದರು. ಎಣಿಸುವ ಹೊಣೆ ಮೇಷ್ಟರದು.

"ಆರು... ಏಳು... ಏಳು... ಏಳು..."

"ಏನ್ರೀ ಇದು, ಮುಂದಿನ ಸಂಖ್ಯೆ ಮರೆತುಹೋಯಿತೇ?"

"ಪೂರ್ತಿ ಎದ್ದರೆ ಎಂಟು ಎನ್ನುತ್ತೇನೆ. ನನ್ನ ತರಗತಿಯಲ್ಲಿ ಅರ್ಧ ಅಂಕ ಕೊಡುವ ಪದ್ಧತಿ ಇರಲಿಲ್ಲ."