ಸಾಹುಕಾರನ ಮನೆಯ ಮೇಲೆ ಗುಡ್ಡ ಕುಸಿದರೆ ಕತೆ ಮುಗಿಯಿತೇ?

ಹೂಮಳೆ (ಪ್ರಶ್ನೆ):
ಕೊಡಗಿನ ಮಕ್ಕಂದೂರಿನ ಆಚೆಯ ಒಂದು ಕಾಫಿ ತೋಟವನ್ನು ಕಲ್ಪಿಸಿಕೊಂಡು ಸಣ್ಣಕತೆಯೊಂದನ್ನು ಬರೆದಿದ್ದೇನೆ. ಸಂಜೆ ಹಣ್ಣು ತೂಗುವಾಗ ಸಾಹುಕಾರ ಪ್ರತಿಯೊಬ್ಬರ ಲೆಕ್ಕದಲ್ಲಿಯೂ ಕಸ, ಕಡ್ಡಿ ಎಂಬ ನೆಪದಿಂದ 2 ಕಿಲೋ ಮುರಿಸುತ್ತಾನೆ. ಅದನ್ನು ಪ್ರಶ್ನಿಸಿದ ಹೆಂಗಸಿನ ಗೋಣಿಚೀಲವನ್ನು ಕಣದಲ್ಲಿ ಸುರಿಸಿ, ಕತ್ತಲಾಗುವವರೆಗೆ ಒಂದೊಂದೇ ಹಣ್ಣನ್ನು ಆರಿಸಿ ತುಂಬುವಂತೆ ಮಾಡುತ್ತಾನೆ. ಹತ್ತು ವರ್ಷಗಳ ಬಳಿಕ, 2018ರ ಆಗಸ್ಟಿನಲ್ಲಿ, ಗುಡ್ಡ ಕುಸಿದು ಅವನ ಮನೆ ಮಣ್ಣುಪಾಲಾಗುತ್ತದೆ. ಓದಿದ ಗೆಳೆಯರೊಬ್ಬರು ಈ ಅಂತ್ಯ ಸುಲಭದ್ದಾಯಿತು ಎಂದರು. ಮಾಡಿದ್ದನ್ನು ಉಣ್ಣಬೇಕೆಂಬುದನ್ನು ಕತೆಯಲ್ಲಿ ಬೇರೆ ಹೇಗೆ ತರಬಹುದು?

ಮಕ್ಕಂದೂರಿನವಳು:
ಸುಲಭ ಎಂಬುದಕ್ಕಿಂತ ಅದು ಅನ್ಯಾಯ ಎಂದು ನನಗನ್ನಿಸುತ್ತದೆ. ಆ ಮಳೆಗಾಲದಲ್ಲಿ ನಮ್ಮ ಕಡೆ ಮನೆ, ಗದ್ದೆ, ತೋಟ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿ ಚಾಪೆ ಹಾಸಿ ಮಲಗಿದವರಲ್ಲಿ ಯಾರು ಯಾರಿಗೆ ಏನು ಕೇಡು ಬಗೆದಿದ್ದರು? ಗುಡ್ಡವನ್ನು ನೀವು ಶಿಕ್ಷೆಯಾಗಿ ಬಳಸಿದರೆ, ಉಳಿದವರೂ ಯಾವುದೋ ಪಾಪಕ್ಕೆ ತೆತ್ತರು ಎಂದು ಹೇಳಿದಂತಾಗುತ್ತದೆ. ದಯವಿಟ್ಟು ಆ ಪುಟಗಳನ್ನು ತೆಗೆಯಿರಿ.

ಹಳೆಯ ರೈಟರ್:
ಸಿದ್ದಾಪುರದ ಕಡೆಯ ತೋಟವೊಂದರಲ್ಲಿ ನಾನು ತೂಕದ ಪುಸ್ತಕ ಬರೆದವನು. ಕಿಲೋ ಮುರಿದ ಲೆಕ್ಕವೂ ನನ್ನ ಕೈಬರಹದಲ್ಲಿಯೇ ಇತ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಕಂಡಂತೆ ಫಲವು ಆಕಾಶದಿಂದ ಬೀಳುವುದಿಲ್ಲ, ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಯಿಂದ ಬರುತ್ತದೆ. ಯಾರೂ ಜಗಳವಾಡುವುದಿಲ್ಲ, ಮುಂದಿನ ವರ್ಷ ಮೇಸ್ತ್ರಿ ಮುಂಗಡ ಹಿಡಿದುಕೊಂಡು ಹೋದಾಗ ಹತ್ತು ಮನೆಯವರು ಬೇರೆ ತೋಟಕ್ಕೆ ಒಪ್ಪಿಕೊಂಡಿದ್ದೇವೆ ಎನ್ನುತ್ತಾರೆ, ಅಷ್ಟೇ. ಫೆಬ್ರವರಿಯಲ್ಲಿ ಮುಗಿಯಬೇಕಾದ ರೋಬಸ್ಟಾ ಕಾಫಿಯ ಕುಯ್ಲು ಮಾರ್ಚಿಗೆ ಜಾರುತ್ತದೆ, ಹಣ್ಣು ಗಿಡದಲ್ಲಿಯೇ ಕಪ್ಪಾಗಿ ಒಣಗಿ ಉದುರುತ್ತದೆ, ಉದುರಿದ ಹಣ್ಣಿನೊಳಗೆ ಕಾಯಿಕೊರಕ ಹುಳು ಮರಿ ಮಾಡಿಕೊಂಡು ಮುಂದಿನ ಫಸಲಿಗೆ ಕಾದು ಕೂರುತ್ತದೆ. ಅಷ್ಟರಲ್ಲಿ ಬೇಸಿಗೆಯ ಮೊದಲ ಮಳೆ, ಅಂದರೆ ಹೂಮಳೆ, ಬಿದ್ದರೆ ಎಂಟು ಒಂಬತ್ತು ದಿನಗಳಲ್ಲಿ ಹೂವು ಅರಳಿಬಿಡುತ್ತದೆ. ಹಳೆಯ ಹಣ್ಣು ಕೀಳಲು ಹೋದ ಕೈಗಳೇ ಹೊಸ ಹೂವನ್ನು ಉದುರಿಸುತ್ತವೆ. ಒಂದು ಸಂಜೆಯ 2 ಕಿಲೋ ಎರಡು ವರ್ಷದ ಫಸಲಿಗೆ ತಗಲುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೂಮಳೆ:
ರೈಟರೇ, ಇದು ನನಗೆ ಹೊಳೆದಿರಲಿಲ್ಲ. ಆದರೆ ಫಸಲು ಹಾಳಾದರೆ ಅದು ಬರೀ ನಷ್ಟವಾಗುತ್ತದಲ್ಲವೇ? ತಾನು ಮಾಡಿದ್ದೇನೆಂದು ಅವನಿಗೆ ತಿಳಿಯುವುದು ಬೇಡವೇ? ಕೊನೆಯಲ್ಲಿ ಅವನು ಆ ಹೆಂಗಸಿನ ಕಾಲು ಹಿಡಿಯುವಂತೆ ಮಾಡಲೇ?

ಓದುಗಿ:
ಬೇಡ. ಅಷ್ಟು ಬೇಗ ಕಾಲು ಹಿಡಿಯುವವನಾಗಿದ್ದರೆ ಅಂದು ಚೀಲ ಸುರಿಸುತ್ತಿರಲಿಲ್ಲ. ಅವನು ಜೀಪು ನಿಲ್ಲಿಸಿ, ಆಳು ಕೇಳಲು ತಾನೇ ಅವಳ ಬಾಗಿಲಿಗೆ ಬರಲಿ. ಅವಳು ಅನ್ನ ಬಸಿಯುವುದನ್ನು ನಿಲ್ಲಿಸದೆ, ‘ಈ ವರ್ಷ ಆಗುವುದಿಲ್ಲ ಸಾಹುಕಾರ್ರೇ’ ಎನ್ನಲಿ. ಅವನಿಗೆ ಕಾರಣ ನೆನಪಾಯಿತೇ ಇಲ್ಲವೇ ಎಂಬುದನ್ನು ನೀವು ಹೇಳಲೇಬೇಕಾಗಿಲ್ಲ. ನನ್ನ ನಿಜವಾದ ತಕರಾರು ಬೇರೆ: ನೀವು ಹೇಳಿದ ಕತೆಯಲ್ಲಿ, ಹಣ್ಣು ಆರಿಸಿ ಮುಗಿಸಿದ ಮೇಲೆ ಆ ಹೆಂಗಸು ಮತ್ತೆ ಕಾಣಿಸುವುದೇ ಇಲ್ಲ. ಶಿಕ್ಷೆಯ ಗಡಿಬಿಡಿಯಲ್ಲಿ ಸಾಹುಕಾರನಂತೆಯೇ ನೀವೂ ಅವಳನ್ನು ಮರೆತಿದ್ದೀರಿ. ಅಂದು ಅವಳ ಚೀಲ ಎಷ್ಟು ತೂಗಿತ್ತು?

ಹೂಮಳೆ:
62 ಕಿಲೋ, ಪುಸ್ತಕದಲ್ಲಿ 60. ಗುಡ್ಡ ಕುಸಿಯುವ ಪುಟಗಳನ್ನು ತೆಗೆದಿದ್ದೇನೆ, ಅವಳ ಮನೆಯ ಬಾಗಿಲಿನಿಂದ ಮತ್ತೆ ಆರಂಭಿಸುತ್ತೇನೆ. ರೈಟರೇ, ಆ ಪುಸ್ತಕದಲ್ಲಿ ಮುರಿದ ತೂಕವನ್ನು ಯಾವ ಹೆಸರಿನಲ್ಲಿ ಬರೆಯುತ್ತಿದ್ದಿರಿ?

ಹಳೆಯ ರೈಟರ್:
ಹೆಸರೇನೂ ಇರಲಿಲ್ಲ. ಕಳೆದು ಉಳಿದದ್ದನ್ನು ಮಾತ್ರ ಬರೆಯುತ್ತಿದ್ದೆ.