ಅಕ್ಕಿ ಡಬ್ಬಿ ತಳದಾಗ ಎಂಟು ಸ್ಟ್ರಿಪ್ ಕೆಂಪು ಗುಳಿಗಿ

ಕುಂದಗೋಳದಾಕಿ:
ತಮ್ಮನ ಹೆಂಡ್ತಿಗೆ 23 ವರ್ಷ, ಚೊಚ್ಚಲ ಬಸುರಿ, ಏಳನೇ ತಿಂಗಳು ನಡದೈತಿ. ಮೊನ್ನೆ ತಪಾಸಣಿಗೆ ಹೋದಾಗ ರಗತದಾಗಿನ ಹಿಮೋಗ್ಲೋಬಿನ್, ಅಂದ್ರ ಎಚ್‌ಬಿ 7.2 ಬಂತು. ನಾಲ್ಕನೇ ತಿಂಗಳಿಂದ ಕಬ್ಬಿಣದ ಕೆಂಪು ಗುಳಿಗಿ ಕೊಟ್ಟಾರ, ಕೇಳಿದಾಗೆಲ್ಲಾ ತಗೊಂಡೀನಿ ಅಂತನ ಹೇಳ್ತಿದ್ಲು. ಎರಡು ತಿಂಗಳಿಂದ ಆಕಿಗೆ ಹಸಿ ಅಕ್ಕಿ ಮುಕ್ಕೋ ಚಟ ಹತ್ತೇತಿ, ಹೊಲಿಗಿ ಮಷಿನ್ ಮುಂದ ಕುಂತ್ರೂ ಮುಷ್ಟಿಯೊಳಗ ಅಕ್ಕಿ. ಅವ್ವ ಸಿಟ್ಟಿಗೆದ್ದು ಬ್ಯಾರೆ ಡಬ್ಬಿಗೆ ಅಕ್ಕಿ ಸುರುವಿದ್ರ ತಳದಾಗ ಎಂಟು ಸ್ಟ್ರಿಪ್ ಬಂದ್ವು. ಒಂದರಾಗ ಎರಡು ಗುಳಿಗಿ ಅಷ್ಟ ಒಡದಿದ್ಲು. ಉಳಿದದ್ದೆಲ್ಲಾ ಹಂಗ.

ಕೇಳಿದ್ರ ಅತ್ತಬಿಟ್ಲು. ಮೊದಲನೇ ದಿನ ವಾಂತಿ ಆತಂತ, ಎರಡನೇ ದಿನ ಸಂಡಾಸ ಕರ್ರಗ ಆತಂತ, ಹೊಟ್ಯಾಗಿನ ಕೂಸಿಗೆ ಏನಾತೋ ಅಂತ ಅಂಜಿ ಬಿಟ್ಟಾಳ. ಅದರ ಮ್ಯಾಲೆ ನಮ್ಮವ್ವನ ಹೇಳಿದ್ಲಂತ, ಆ ಗುಳಿಗಿ ತಿಂದ್ರ ಕೂಸು ದಪ್ಪ ಆಕ್ಕೈತಿ, ಕೊಯ್ದು ತಗೀತಾರ ಅಂತ. ಈಗ ಮನ್ಯಾಗ ಬೀಟ್‌ರೂಟ್, ಉತ್ತತ್ತಿ, ಬೆಲ್ಲ ನಡದೈತಿ. ಮುಂದಿನ ತಪಾಸಣಿ ಹದಿನೈದು ದಿನಕ್ಕ ಐತಿ. ಅಲ್ಲೀತನ ಊಟದಾಗ ಸುಧಾರಿಸ್ತೈತೇನು? ತಿಳದವರು ಹೇಳ್ರಿ.

ರೋಣದ ರೈತ:
ಊಟದಾಗ ಯಾಕ ಸುಧಾರಿಸೂದಿಲ್ಲ ತಂಗಿ? ನಮ್ಮ ಅಮ್ಮ ಎಂಟು ಹಡದಾಕಿ, ಒಂದು ಗುಳಿಗಿ ಕಂಡಾಕಿ ಅಲ್ಲ. ಸಜ್ಜಿ ರೊಟ್ಟಿ, ನವಣಿ ಅನ್ನ, ಮಡಿಕಿಕಾಳು, ಗುರೆಳ್ಳು ಹಿಂಡಿ, ಹೊಲದಾಗ ಕಿತ್ತ ಹಕ್ಕರಕಿ. ಪುಂಡಿಪಲ್ಯ ವಾರಕ್ಕ ಮೂರು ಸಲ. ಈಗ ಹೊಲ ತುಂಬ ಗೋವಿನಜೋಳ, ಅದೂ ಮಾರಾಕ. ಅಕ್ಕಡಿ ಸಾಲಿನಾಗ ಹೆಸರು, ಅಲಸಂದಿ, ಅಗಸಿ ಹಾಕೋದು ಬಿಟ್ಟೀವಿ. ಕಳೆನಾಶಕ ಹೊಡದ ಮ್ಯಾಲೆ ಕಾಡುಪಲ್ಯ ಎಲ್ಲಿ ಉಳೀತಾವ? ರೋಗ ಗಂಗಾಳದಾಗ ಐತಿ, ಔಷಧನೂ ಅಲ್ಲೇ ಹುಡುಕ್ರಿ.

ಪ್ರಸೂತಿ ಪಿಜಿ, ಹುಬ್ಬಳ್ಳಿ:
ಕುಂದಗೋಳದ ಅಕ್ಕ, ಹದಿನೈದು ದಿನ ಕಾಯಬೇಡಿ, ನಾಳೆಯೇ ಕರೆದುಕೊಂಡು ಹೋಗಿ. ಬಸುರಿಗೆ ಕನಿಷ್ಠ 11 ಇರಬೇಕು. 7ರಿಂದ 9.9ರ ತನಕ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನಿಮ್ಮ ನಾದಿನಿ ಆ ಗೆರೆಯ ಅಂಚಿನಲ್ಲಿದ್ದಾಳೆ. ಹೆರಿಗೆಯಲ್ಲಿ ರಕ್ತ ಹೋಗುವುದು ಎಲ್ಲರಿಗೂ ಇದ್ದದ್ದೇ. 12 ಇದ್ದವಳು ತಡೆದುಕೊಳ್ಳುವಷ್ಟನ್ನು 7 ಇದ್ದವಳ ದೇಹ ತಡೆಯುವುದಿಲ್ಲ. ನಾನು ಹೆದರುವುದು ಅದಕ್ಕೆ.

ಹಸಿ ಅಕ್ಕಿ ತಿನ್ನುವುದು ಚಟವಲ್ಲ, ಕಬ್ಬಿಣ ಕಡಿಮೆಯಾದಾಗ ಹೀಗಾಗುತ್ತದೆ. ಕೆಲವರು ಮಣ್ಣು, ಬಳಪ ತಿನ್ನುತ್ತಾರೆ, ಕೆಲವರು ಬರ್ಫ. ಆಕೆಗೆ ಯಾರೂ ಬೈಯಬೇಡಿ. ಮಲ ಕಪ್ಪಾಗುವುದು ಮೈಗೆ ಹಿಡಿಯದ ಕಬ್ಬಿಣ ಹೊರಗೆ ಹೋಗುವುದರಿಂದ, ಕೂಸಿಗೆ ಏನೂ ಆಗುವುದಿಲ್ಲ. ಗುಳಿಗೆಯಿಂದ ಕೂಸು ದಪ್ಪವಾಗುವುದೂ ಇಲ್ಲ. ರಕ್ತಹೀನತೆ ಇದ್ದರೇ ಕೂಸು ಸಣ್ಣದಾಗಿ, ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಜಾಸ್ತಿ.

ಇನ್ನು ಬೀಟ್‌ರೂಟ್. ಬಣ್ಣ ಕೆಂಪು ಅಂತ ನಂಬಿಕೆ. 100 ಗ್ರಾಂನಲ್ಲಿ 1 ಮಿ.ಗ್ರಾಂ ಕಬ್ಬಿಣವೂ ಸಿಗುವುದಿಲ್ಲ. ಬಸುರಿಗೆ ದಿನಕ್ಕೆ ಬೇಕಾದದ್ದು 27 ಮಿ.ಗ್ರಾಂ, ಆ ಕೆಂಪು ಗುಳಿಗೆ ಒಂದರಲ್ಲಿ 60 ಇದೆ, ಜೊತೆಗೆ ಫೋಲಿಕ್ ಆಮ್ಲ. ಏಳನೇ ತಿಂಗಳಲ್ಲಿ 7.2 ಇದ್ದಾಗ, ಗುಳಿಗೆಯೂ ಹೊಟ್ಟೆಗೆ ಒಗ್ಗದಿದ್ದಾಗ, ನರಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡುವ ದಾರಿ ಇದೆ. ಅದನ್ನು ನೋಡಿದ ವೈದ್ಯರೇ ನಿರ್ಧರಿಸಲಿ. ಆದರೆ ನಾಳೆಯೇ ತೋರಿಸಿ.

ರೋಣದ ರೈತ:
ಡಾಕ್ಟರ್ ಅವ್ವಾರ, ಹಂಗಾದ್ರ ಸಜ್ಜಿಗೂ ಕಿಮ್ಮತ್ತಿಲ್ಲೇನು?

ಪ್ರಸೂತಿ ಪಿಜಿ, ಹುಬ್ಬಳ್ಳಿ:
ಇದೆ ಅಣ್ಣ. ಸಜ್ಜೆಯಲ್ಲಿ 100 ಗ್ರಾಂಗೆ ಸುಮಾರು 6 ಮಿ.ಗ್ರಾಂ, ಜೋಳದಲ್ಲಿ ಸುಮಾರು 4, ಪಾಲಿಶ್ ಅಕ್ಕಿಯಲ್ಲಿ 1ಕ್ಕಿಂತ ಕಡಿಮೆ. ನೀವು ಹೇಳಿದ ಗಂಗಾಳ ನಿಜಕ್ಕೂ ಒಳ್ಳೆಯದು. ಆದರೆ ಕಾಳುಕಡಿಯ ಕಬ್ಬಿಣದಲ್ಲಿ ದೇಹ ಹಿಡಿದಿಟ್ಟುಕೊಳ್ಳುವುದು ನೂರಕ್ಕೆ ಹತ್ತು ಪಾಲೂ ಇಲ್ಲ. ಕಾಳು ಮೊಳಕೆ ಬರಿಸಿದರೆ, ಮೇಲೆ ನಿಂಬೆಹಣ್ಣು ಹಿಂಡಿದರೆ, ಊಟದ ಜೊತೆ ಪೇರಲಹಣ್ಣು ತಿಂದರೆ ಹೆಚ್ಚು ಹಿಡಿಯುತ್ತದೆ. ಉಂಡ ಕೈ ತೊಳೆಯುವುದರೊಳಗೆ ಚಹಾ ಕುಡಿದರೆ ಹೋಯಿತು. ನಮ್ಮ ಕಡೆ ಉಂಡ ಮೇಲೆ ಚಹಾ ಬೇಕೇ ಬೇಕಲ್ಲ, ಒಂದೆರಡು ತಾಸು ತಡೆಯಿರಿ. ರಕ್ತ ಇಳಿಯದಂತೆ ನೋಡಿಕೊಳ್ಳುವುದು ಊಟದ ಕೆಲಸ. ಇಳಿದ ರಕ್ತವನ್ನು ಎರಡು ತಿಂಗಳಲ್ಲಿ ಮೇಲೆತ್ತುವುದು ಊಟದಿಂದ ಆಗದ ಮಾತು.

ಹಾವೇರಿ ಜಿಲ್ಲಾ ಆಶಾ:
ರೋಣದ ಅಣ್ಣಾರ, ನಿಮ್ಮ ಅಮ್ಮ ಎಂಟು ಹಡದದ್ದು ಹೇಳಿದ್ರಿ. ನಮ್ಮ ಅಮ್ಮನ ತಂಗಿ ಎರಡನೇದು ಹಡದು ರಗತ ನಿಲ್ಲದ ಹ್ವಾದ್ಲು. ಉಳದವರ ಕತಿ ಉಳದವರ ಮಕ್ಕಳು ಹೇಳ್ತಾರ, ಹ್ವಾದವರದು ಯಾರು ಹೇಳಬೇಕು?

ಗುಳಿಗಿ ಬಗ್ಗೆ ನನ್ನ ಅನುಭವ ಹೇಳ್ತೀನಿ. ನಾವು ಬರಕೊಳ್ಳೋದು ಎಷ್ಟು ಕೊಟ್ವಿ ಅಂತ. ಎಷ್ಟು ನುಂಗಿದ್ರು ಅನ್ನೋದು ರಜಿಸ್ಟರಿನಾಗ ಬರೂದಿಲ್ಲ. ಅದಕ್ಕ ನಾನೀಗ ಕೊಡೋ ಮೊದಲ ಹೇಳ್ತೀನಿ: ಸಂಡಾಸ ಕರ್ರಗ ಆಕ್ಕೈತಿ, ನಾಕು ದಿನ ಹೊಟ್ಟಿ ತೊಳಸ್ತೈತಿ, ಮಲಬದ್ಧತಿ ಆಗಬಹುದು, ಅಂಜಬ್ಯಾಡ. ರಾತ್ರಿ ಉಂಡು ತಾಸು ಬಿಟ್ಟು ತಗೊಂಡು ಮಲ್ಕೋ, ವಾಂತಿ ಕಡಿಮಿ. ಕ್ಯಾಲ್ಸಿಯಂ ಗುಳಿಗಿ ಇದರ ಕೂಡ ತಗೋಬ್ಯಾಡ, ಅದು ಮಧ್ಯಾಹ್ನಕ್ಕ. ಖಾಲಿ ಸ್ಟ್ರಿಪ್ ನನಗ ವಾಪಸ್ ಕೊಡು. ಇಷ್ಟು ಹೇಳಾಕ ಐದು ನಿಮಿಷ ಬೇಕು. ಆ ಐದು ನಿಮಿಷ ನಿಮ್ಮ ನಾದಿನಿಗೆ ಯಾರೂ ಕೊಟ್ಟಿಲ್ಲ. ಆಕಿ ತಪ್ಪಲ್ಲ ಅದು.

2017ರಾಗ ಬಸುರಿ ಬಾಣಂತ್ಯಾರಿಗೆ ಊಟ ಕೊಡೋ ಮಾತೃಪೂರ್ಣ ಯೋಜನೆ ಸುರು ಆದಾಗಿಂದ ಅಂಗನವಾಡಿಗೆ ಬಂದು ಉಂಡವರು ನಮ್ಮ ಕಣ್ಮುಂದ ಗುಳಿಗಿ ತಗೋತಾರ. ಆದ್ರ ಬೀಜದ ಪ್ಲಾಟಿಗೆ ಹೂವು ಕ್ರಾಸಿಂಗ್ ಮಾಡೋ ಕೂಲಿಗೆ ಹ್ವಾದಾಕಿ ಮಧ್ಯಾಹ್ನ ಎರಡು ಕಿಲೋಮೀಟರ್ ನಡದು ಉಣ್ಣಾಕ ಬರ್ತಾಳೇನು? ಪಗಾರ ಹೋಗ್ತೈತಿ.

ರಾಣೆಬೆನ್ನೂರ ಲೆಕ್ಕದ ಮಾಸ್ತರ:
ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2015-16ಕ್ಕೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ 44.8 ಶೇಕಡ ಇತ್ತು, 2019-21ಕ್ಕೆ 47.8. ದೇಶದಲ್ಲಿ 53.1 ಇದ್ದದ್ದು 57. ಇಷ್ಟು ಗುಳಿಗೆ ಹಂಚಿಯೂ ಏರುವುದೆಂದರೆ ಅಳತೆಯಲ್ಲೇ ದೋಷವಿಲ್ಲವೇ? ಆ ಸಮೀಕ್ಷೆಗಳಲ್ಲಿ ಬೆರಳು ಚುಚ್ಚಿ ಹನಿ ತೆಗೆದಿದ್ದರು. ಬೆರಳು ಹಿಂಡಿದರೆ ರಕ್ತ ತೆಳುವಾಗುತ್ತದೆ ಎಂದು ಓದಿದ್ದೇನೆ.

ಪ್ರಸೂತಿ ಪಿಜಿ, ಹುಬ್ಬಳ್ಳಿ:
ಪ್ರಶ್ನೆ ಸರಿಯಾಗಿದೆ ಸರ್. ಬೆರಳಿನ ಹನಿಗೂ ನರದ ರಕ್ತಕ್ಕೂ ವ್ಯತ್ಯಾಸ ಬರುತ್ತದೆ, ಸಂಶೋಧಕರಲ್ಲೇ ಆ ಚರ್ಚೆ ಇದೆ. ಶೇಕಡ 47 ಇದ್ದದ್ದು ಒಂದಿಷ್ಟು ಕೆಳಗೆ ಬರಬಹುದು. ಆದರೆ ನಮ್ಮ ವಾರ್ಡಿಗೆ ನರದ ರಕ್ತ ಪರೀಕ್ಷೆಯಲ್ಲೇ 6, 7 ಇದ್ದವರು ಬರುತ್ತಾರೆ. ಅವರ ವಿಷಯದಲ್ಲಿ ಅಳತೆಯ ಅನುಮಾನ ಇಟ್ಟುಕೊಂಡು ಕೂರಲು ನನಗೆ ಆಗುವುದಿಲ್ಲ.

ಗದಗ ಆಟೋ ಅಣ್ಣ:
ಎಲ್ಲಾ ಸರಿ. ಆದ್ರ ಮನಿ ಗಂಡಸರು ಉಣ್ಣಾಕ ಕೊಡೂದಿಲ್ಲ ಅನ್ನೋ ಧಾಟಿಯೊಳಗ ಮಾತಾಡಬ್ಯಾಡ್ರಿ. ನಾನು ಸಂತಿಯಿಂದ ಎಲ್ಲಾ ತಂದು ಹಾಕ್ತೀನಿ. ಕೂಡ ಉಣ್ಣು ಬಾ ಅಂದ್ರ ಆಕಿನ ಆಮ್ಯಾಲೆ ಅಂತಾಳ.

ಹಾವೇರಿ ಜಿಲ್ಲಾ ಆಶಾ:
ಅಣ್ಣಾ, ಯಾರೂ ನಿಮಗ ಕೆಟ್ಟವರು ಅಂದಿಲ್ಲ. ಆದ್ರ ಒಂದು ರಾತ್ರಿ ಅಡಗಿಮನ್ಯಾಗ ಹೋಗಿ ಆಕಿ ಉಣ್ಣೋವಾಗ ಗಂಗಾಳ ನೋಡ್ರಿ. ಕಾಳುಪಲ್ಯದ ಬೋಗಾಣಿ ಮೊದಲ ಸುತ್ತಿಗೇ ಖಾಲಿ. ಹುಡುಗರು ಕಾಳು ಬಾಚಿ ತಿಂದಿರ್ತಾರ, ಉಳಿದದ್ದು ತಿಳಿಸಾರು. ಅದನ್ನ ಅನ್ನಕ್ಕ ಸುರಕೊಂಡು, ಒಂದು ಕೆಂಪಿಂಡಿ ಹಚ್ಕೊಂಡು, ನಿಂತ ಉಂಡು ಮುಗಸ್ತಾಳ. ಆಮ್ಯಾಲೆ ಅಂತಾಳ ಅಂದ್ರಿ, ಆಕಿ ಅವ್ವನೂ ಹಂಗ ಅನ್ನೋದನ್ನ ನೋಡಿ ಕಲತಾಳ. ಬಡಿಸೋ ಮೊದಲ ಆಕಿ ಪಾಲು ಒಂದು ವಾಟಗದಾಗ ತಗದಿಡ್ರಿ, ನೀವ ತಗದಿಡ್ರಿ.

ಗದಗ ಆಟೋ ಅಣ್ಣ:
ಬೋಗಾಣಿ ತಳ ನಾನು ಯಾವತ್ತೂ ನೋಡಿಲ್ಲ, ಖರೇ ಹೇಳ್ತೀನಿ. ಇವತ್ತ ರಾತ್ರಿ ನೋಡ್ತೀನಿ.

ಧಾರವಾಡ ಸಪ್ತಾಪುರ:
ಎಲ್ಲಾರೂ ಬಸುರಿ ಬಾಣಂತ್ಯಾರ ಮಾತ ಆಡ್ಲಿಕತ್ತೀರಿ. ನನಗ 38, ಆಫೀಸ್ ಕೆಲಸ, ಮೂರು ಹೊತ್ತು ಚೊಲೋ ಊಟ ಅದ. ಎಚ್‌ಬಿ 8.4 ಇತ್ತು. ಒಂದು ವರ್ಷ ಗುಳಿಗಿ ತಗೊಂಡೆ, ಏರತದ, ಮತ್ತ ಇಳೀತದ. ಹತ್ತಿರದ ಒಂದು ಕ್ಲಿನಿಕ್ಕಿನಾಗ ಪ್ರತಿ ಸಲ ಟಾನಿಕ್ ಬರದು ಕಳಿಸಿದ್ರು, ಮುಟ್ಟಿನಾಗ ಎಷ್ಟು ಹೋಗತದ ಅಂತ ಒಮ್ಮೆನೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಎಂಟು ದಿನ ಆಗೋದು, ತಾಸಿಗೊಮ್ಮೆ ಪ್ಯಾಡ್ ಬದಲಿಸೋದು ನಮ್ಮ ಮನ್ಯಾಗ ಎಲ್ಲಾರಿಗೂ ಹಂಗ ಅಂತ ತಿಳದಿದ್ದೆ. ಕಡೀಗೆ ಬ್ಯಾರೆ ಡಾಕ್ಟರ್ ಸ್ಕ್ಯಾನ್ ಮಾಡಿಸಿದ್ರು, ಗರ್ಭಕೋಶದಾಗ ಗಡ್ಡಿ ಇತ್ತು. ವಿಟಮಿನ್ ಬಿ12 ನೋಡಿದ್ರು, ಅದೂ ಕಡಿಮಿ. ನಾವು ತತ್ತಿನೂ ಮುಟ್ಟೋ ಮಂದಿ ಅಲ್ಲ. ಸೋರೋ ಬಿಂದಗಿಗೆ ನೀರು ತುಂಬಿಸ್ಲಿಕತ್ತಿದ್ದೆ ನಾನು. ಗುಳಿಗಿ ತಗೊಂಡು ತಿಂಗಳಿಗೆ 1 ಗ್ರಾಂನೂ ಏರಲಿಲ್ಲ ಅಂದ್ರ ಕಾರಣ ಹುಡುಕ್ರಿ ಅಂತ ಕೇಳಿ ಪಡೀರಿ.

ಪ್ರಸೂತಿ ಪಿಜಿ, ಹುಬ್ಬಳ್ಳಿ:
ಇದನ್ನು ಬರೆದದ್ದಕ್ಕೆ ತುಂಬ ಉಪಕಾರವಾಯಿತು. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು ಅನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ 20ರಿಂದ 49 ವಯಸ್ಸಿನವರಿಗೆ ವಾರಕ್ಕೊಂದು ಕೆಂಪು ಗುಳಿಗೆ ಅಂತ ಇದೆ. ಶಾಲೆಯ ಹುಡುಗಿಯರಿಗೆ ಕಬ್ಬಿಣದ ನೀಲಿ ಗುಳಿಗೆ ಹೆಚ್ಚುಕಡಿಮೆ ಮುಟ್ಟುತ್ತದೆ. ಬಸುರಿಯೂ ಅಲ್ಲದ, ಶಾಲೆಗೂ ಹೋಗದ ಹೆಂಗಸು ನಡುವೆ ಬಿದ್ದು ಹೋಗುತ್ತಾಳೆ. ಸುಸ್ತು, ಮೆಟ್ಟಿಲು ಹತ್ತಿದರೆ ದಮ್ಮು, ಕೂದಲು ಉದುರುವುದು, ಎಲ್ಲ 'ಮನೆಗೆಲಸ ಜಾಸ್ತಿ' ಅನ್ನುವುದರಲ್ಲಿ ಮುಚ್ಚಿಹೋಗುತ್ತದೆ.

ರೋಣದ ರೈತ:
ಆಶಾ ತಂಗಿ ಮಾತು ನಿನ್ನೆಯಿಂದ ತಲಿಯಾಗ ಕುಂತೈತಿ. ಅಮ್ಮಗ ಎಂಟು ಹುಟ್ಟಿದ್ವು, ಉಳದದ್ದು ಐದು. ಅದನ್ನ ನಾನು ಬರೀಲಿಲ್ಲ, ಬರೀಬೇಕಿತ್ತು. ಗುಳಿಗಿ ಬ್ಯಾಡ ಅಂತ ನಾನು ಇನ್ನು ಅನ್ನೂದಿಲ್ಲ. ಮುಂಗಾರಿಗೆ ಗೋವಿನಜೋಳದ ಬದಿಗೆ ನಾಕು ಸಾಲು ಹೆಸರು, ಎರಡು ಸಾಲು ಪುಂಡಿ ಹಾಕ್ತೀನಿ, ಮನೀ ಪೂರ್ತೇಕ.

ಕುಂದಗೋಳದಾಕಿ:
ಎಲ್ಲಾರಿಗೂ ಶರಣು. ಮರುದಿನನ ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ನರದ ರಗತ ತಗೊಂಡು ನೋಡಿದ್ರು, 7.0 ಬಂತು. ಅಡ್ಮಿಟ್ ಮಾಡ್ಕೊಂಡು ಸಲೈನಿನಾಗ ಕಬ್ಬಿಣ ಹಾಕಿದ್ರು. ಕಂದು ಬಣ್ಣದ ಔಷಧ ಹನಿಹನಿ ಇಳಿಯೂದನ್ನ ಆಕಿ ಅಂಜಿಕೊಂಡ ನೋಡ್ತಿದ್ಲು, ಅವ್ವ ಬಾಜೂಕ ಕುಂತು ಕೈ ಹಿಡಕೊಂಡಿದ್ಲು. ನಾನು ಹೇಳಿದ್ದು ತಪ್ಪಾತು ನನ ಮಗಳ ಅಂತ ಅವ್ವ ಅಂದದ್ದನ್ನ ನಾನು ಕೇಳಿದೆ.

ಇನ್ನೊಂದು ಐತಿ. ಅಲ್ಲಿ ನರ್ಸಕ್ಕಾರು ಅವ್ವನ ಕಣ್ಣಿನ ಕೆಳರೆಪ್ಪಿ ಎಳದು ನೋಡಿ, ನಿಮ್ಮದೂ ತಪಾಸಿಸೋಣ ಅಂದ್ರು. ಅವ್ವಗ 46. ಆಕಿದು 8.1. ಡಾಕ್ಟರ್ ಮುಟ್ಟಿನ ಬಗ್ಗೆ ಕೇಳಿದಾಗ ಅವ್ವ ನನ್ನ ಕಡೆ ನೋಡಿದ್ಲು, ನಾನು ಹೇಳು ಅಂದೆ. ಎರಡು ವರ್ಷದಿಂದ ತಿಂಗಳಿಗೆ ಎರಡು ಸಲ ಆಗ್ತೈತಂತ, ಗಟ್ಟಿಗಟ್ಟಿ ಬೀಳ್ತೈತಂತ. ಮನ್ಯಾಗ ಯಾರಿಗೂ ಹೇಳಿಲ್ಲ. ಮಂಗಳವಾರ ಸ್ಕ್ಯಾನಿಗೆ ಬರ್ರಿ ಅಂದಾರ. ಸಪ್ತಾಪುರದ ಅಕ್ಕಾರ, ಅವ್ವ ಭಾಳ ಅಂಜ್ಯಾಳ, ನೋವು ಆಗ್ತೈತೇನು ಅದು?

ಧಾರವಾಡ ಸಪ್ತಾಪುರ:
ಇಲ್ಲವಾ, ಏನೂ ನೋವಿಲ್ಲ. ಹೊಟ್ಟಿ ಮ್ಯಾಲೆ ತಣ್ಣಗಿನ ಜೆಲ್ ಹಚ್ಚಿ ಮಷಿನ್ ಆಡಸ್ತಾರ, ಅಷ್ಟ. ಒಂದು ತಾಸು ಮೊದಲ ನಾಕೈದು ಗ್ಲಾಸ್ ನೀರು ಕುಡಸ್ರಿ, ಮೂತ್ರಕ್ಕ ಹೋಗಬಾರದು, ತುಂಬಿರಬೇಕು ಅಂತಾರ. ಸಾಲು ಉದ್ದ ಇದ್ರ ತಡಕೊಳ್ಳೋದು ಕಷ್ಟ, ಮೊದಲ ಚೀಟಿ ಮಾಡಿಸಿ ಆಮ್ಯಾಲೆ ನೀರು ಕುಡಸ್ರಿ. ನಾ ಮಂಗಳವಾರ ರಜಾ ಹಾಕ್ತೀನಿ. ಎಲ್ಲಿ ಅಂತ ಒಳಗ ಮೆಸೇಜ್ ಮಾಡ್ರಿ, ಅವ್ವನ ಜೋಡಿ ಕೂಡ್ತೀನಿ.