ಸೆಕೆಂಡ್ ಹ್ಯಾಂಡ್ ಮಜ್ದಾ ಮಿಯಾಟಾ (2016–18): ಕೊಳ್ಳಬಹುದಾ? ಏನು ನೋಡಬೇಕು?

ಘಾಟಿ_ರಸ್ತೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದೇನೆ. 20 ಸಾವಿರ ಡಾಲರ್ ಒಳಗೆ ಮಿಯಾಟಾ (ಮಜ್ದಾದ ಎರಡು ಸೀಟಿನ, ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರು) ಹುಡುಕುತ್ತಿದ್ದೇನೆ, ಮ್ಯಾನುಯಲ್ ಗೇರ್ ಮಾತ್ರ. ಈ ದುಡ್ಡಿಗೆ ಸಿಗುತ್ತಿರುವುದು ಹೆಚ್ಚಾಗಿ 2016ರಿಂದ 2018ರ ತನಕದ ಎನ್‌ಡಿ (ನಾಲ್ಕನೇ ತಲೆಮಾರಿನ) ಮಾಡೆಲ್. 2019ರ ನಂತರದವು ಕೈಗೆಟುಕುತ್ತಿಲ್ಲ. 155 ಎಚ್‌ಪಿ ನಿಜಕ್ಕೂ ಸಾಕಾ? ಮೊದಲ ಮಾಡೆಲ್‌ಗಳ ಗೇರ್‌ಬಾಕ್ಸ್ ಕೈಕೊಡುತ್ತದೆ ಅನ್ನುತ್ತಾರೆ, ನೋಡಲು ಹೋದಾಗ ಅದನ್ನು ಪತ್ತೆ ಹಚ್ಚುವುದು ಹೇಗೆ? ಇಲ್ಲಿ ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಅದರ ಚಿಂತೆಯೂ ಇದೆ. ಅದೇ ಬೆಲೆಗೆ ಸುಬರು ಬಿಆರ್‌ಜೆಡ್ ಅಥವಾ ಅದರ ಅವಳಿಯಾದ ಸಯಾನ್ ಎಫ್‌ಆರ್-ಎಸ್ ಕೂಡ ಸಿಗುತ್ತದೆ. ಮನೆಯಲ್ಲಿ ಇನ್ನೊಂದು ದೊಡ್ಡ ಕಾರಿದೆ, ಆದರೆ ದಿನಾ ಆಫೀಸಿಗೆ ಓಡಿಸುವುದು ಇದನ್ನೇ.

ಸ್ಪ್ಯಾನರ್14:

ಮೊದಲು ಎಚ್‌ಪಿ ವಿಷಯ. ಅದನ್ನು ತಲೆಯಿಂದ ತೆಗೆದುಹಾಕಿ. ಈ ಕಾರಿನ ತೂಕ ಸುಮಾರು 2,330 ಪೌಂಡ್, ಅಂದರೆ 1,060 ಕೆಜಿ ಆಸುಪಾಸು. ಅದಕ್ಕೆ 2.0 ಲೀಟರ್ ಎಂಜಿನ್, 148 ಪೌಂಡ್-ಅಡಿ ಟಾರ್ಕ್. ಟರ್ಬೊ ಇಲ್ಲದ ಕಾರಣ ಕಾಲಿಟ್ಟ ಕೂಡಲೇ ಎಳೆತ ಸಿಗುತ್ತದೆ. ಕೊರತೆ ಇರುವುದು ಮೇಲಿನ ತುದಿಯಲ್ಲಿ: 6,000 ಆರ್‌ಪಿಎಂ ದಾಟಿದ ಮೇಲೆ ಎಂಜಿನ್ ಉಸಿರು ಕಟ್ಟಿದಂತಾಗುತ್ತದೆ, 6,800ಕ್ಕೆ ರೆಡ್‌ಲೈನ್, ಅಂದರೆ ಎಂಜಿನ್ ತಿರುಗುವ ವೇಗದ ಮಿತಿ. 2019ರಲ್ಲಿ ಮಜ್ದಾ ಸರಿಪಡಿಸಿದ್ದು ಇದನ್ನೇ. ಹಗುರ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್, ದೊಡ್ಡ ಥ್ರಾಟಲ್ ಬಾಡಿ ಹಾಕಿ 181 ಎಚ್‌ಪಿ, 7,500 ಆರ್‌ಪಿಎಂಗೆ ಏರಿಸಿದರು. ಟಾರ್ಕ್ ಮಾತ್ರ 151, ಅಂದರೆ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಊರೊಳಗಿನ ಓಡಾಟದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆಯದರಲ್ಲೂ ಎರಡನೇ ಗೇರಿನಲ್ಲೇ ಗಂಟೆಗೆ 55 ಮೈಲಿ ದಾಟುತ್ತದೆ.

ಗೇರ್‌ಬಾಕ್ಸ್ ವಿಷಯ ಗಂಭೀರವಾದದ್ದು. ತೂಕ ಉಳಿಸಲು ಈ ಕಾರಿಗೆಂದೇ ಹೊಸದಾಗಿ ಮಾಡಿದ ಆರು ಗೇರಿನ ಪೆಟ್ಟಿಗೆ ಇದು. ಆರನೇ ಗೇರ್ 1:1 ನೇರ. ಶಿಫ್ಟ್ ಮಾಡುವ ಸುಖಕ್ಕೆ ಈ ಬೆಲೆಯಲ್ಲಿ ಸಾಟಿ ಇಲ್ಲ, ಆದರೆ ಮೊದಲ ವರ್ಷಗಳ ಪೆಟ್ಟಿಗೆಯಲ್ಲಿ ಒಳಗಿನ ಗೇರ್‌ಗಳು ಮುರಿದ ಪ್ರಕರಣಗಳು ಸಾಕಷ್ಟಿವೆ. ಮಜ್ದಾ ಒಳಗಿನ ಭಾಗಗಳನ್ನು ಒಂದಕ್ಕಿಂತ ಹೆಚ್ಚು ಸಲ ಬದಲಾಯಿಸಿತು. ಅಮೆರಿಕದಲ್ಲಿ ಪವರ್‌ಟ್ರೇನ್ ವಾರಂಟಿ 5 ವರ್ಷ ಅಥವಾ 60,000 ಮೈಲಿ, ಆದ್ದರಿಂದ 2016–18ರ ಕಾರುಗಳಿಗೆ ಅದು ಮುಗಿದ ಕಥೆ. ಈಗ ಒಡೆದರೆ ಖರ್ಚು ನಿಮ್ಮದೇ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹಾಕಿದರೆ ಸ್ವಲ್ಪ ಬಿಗಿ ಇರುವುದು ಸಹಜ. 75W-80 ಎಣ್ಣೆ ಬಿಸಿಯಾಗುತ್ತಿದ್ದಂತೆ, ಹತ್ತು ನಿಮಿಷದಲ್ಲಿ ಅದು ಸಡಿಲವಾಗಬೇಕು. ಆಗದಿದ್ದರೆ ಅಥವಾ ಕರಕರ ಎಂದರೆ ಸಿಂಕ್ರೊ (ಗೇರ್ ಬದಲಿಸುವಾಗ ವೇಗ ಹೊಂದಿಸುವ ರಿಂಗ್) ಸವೆದಿದೆ ಅಂತಲೇ ಅರ್ಥ. ಬಿಸಿಯಾದ ಮೇಲೆ ಎರಡನೇ ಗೇರಿನಲ್ಲಿ 4,000 ಆರ್‌ಪಿಎಂ ತನಕ ಎಳೆದು, ಆಕ್ಸಿಲರೇಟರ್ ಪೂರ್ತಿ ಬಿಡಿ, ಮತ್ತೆ ಒತ್ತಿ. ಮೂರು, ನಾಲ್ಕರಲ್ಲೂ ಹೀಗೇ ಮಾಡಿ. ಗೇರ್ ತಾನಾಗಿ ಹೊರಗೆ ಬಂದರೆ, ಲಿವರ್ ಕುಪ್ಪಳಿಸಿದರೆ, ಅಥವಾ ಒಂದೇ ಒಂದು ಗೇರಿನಲ್ಲಿ ಮಾತ್ರ ಗುಂಯ್ ಎಂಬ ಸದ್ದು ಬಂದರೆ ಅಲ್ಲೇ ಕೈಮುಗಿದು ಬನ್ನಿ. ಎಲ್ಲ ಗೇರಿನಲ್ಲೂ ಒಂದೇ ತೆರನಾದ ಸದ್ದು ವೇಗದ ಜೊತೆ ಏರುತ್ತಿದ್ದರೆ ಟೈರ್, ವೀಲ್ ಬೇರಿಂಗ್ ಅಥವಾ ಡಿಫರೆನ್ಷಿಯಲ್ ಕಡೆ ನೋಡಿ.

ಪೆಟ್ಟಿಗೆ ಬದಲಾಗಿದ್ದರೆ ಬಿಲ್ ಕೇಳಿ. ತಡವಾಗಿ ಬದಲಾದ ಪೆಟ್ಟಿಗೆಯೆಂದರೆ ಸುಧಾರಿಸಿದ ಭಾಗಗಳು ಇರುವ ಸಾಧ್ಯತೆ ಹೆಚ್ಚು. ಅಂಥ 2016, ಮೂಲ ಪೆಟ್ಟಿಗೆಯ 2017ಕ್ಕಿಂತ ಮೇಲು ಅಂತಲೇ ನನ್ನ ಅಭಿಪ್ರಾಯ.

ಕೊಂಡ ಮೇಲೆ ಮೊದಲ ಕೆಲಸ ಗೇರ್ ಎಣ್ಣೆ ಬದಲಾವಣೆ, ಸುಮಾರು 2 ಲೀಟರ್ ಬೇಕು. ಕಾರು ನಾಲ್ಕೂ ಕಡೆ ಸಮವಾಗಿ ಎತ್ತಿರಬೇಕು. ತುಂಬುವ ಬೋಲ್ಟನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನದು. ಉಲ್ಟಾ ಮಾಡಿ ಮೇಲಿನದು ಜಾಮ್ ಆಗಿದ್ದರೆ ಎಣ್ಣೆಯಿಲ್ಲದ ಕಾರು ಸ್ಟ್ಯಾಂಡ್ ಮೇಲೇ ನಿಲ್ಲುತ್ತದೆ. ಬಂದ ಎಣ್ಣೆಯನ್ನು ಬಿಳಿ ತಟ್ಟೆಗೆ ಹಿಡಿದು ಬಿಸಿಲಲ್ಲಿ ನೋಡಿ: ಬೂದು ಬಣ್ಣದ ಸಣ್ಣ ಪೇಸ್ಟ್ ಇದ್ದರೆ ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿದೆ. ಹೊಸ ಎಣ್ಣೆ ಜಿಎಲ್-4 ದರ್ಜೆಯದೇ ಇರಲಿ. ಜಿಎಲ್-5 ಎಣ್ಣೆಯ ಗಂಧಕದ ಅಂಶ ಹಿತ್ತಾಳೆ ಸಿಂಕ್ರೊ ರಿಂಗ್‌ಗಳಿಗೆ ಹಿತವಲ್ಲ.

ತುಂಗಾತೀರ:

ಮೇಲಿನವರು ಹೇಳಿದ್ದು ಸರಿ. ನಾನು ಛಾವಣಿ, ನೀರು, ತುಕ್ಕು ಇಷ್ಟಕ್ಕೇ ನಿಲ್ಲುತ್ತೇನೆ.

ಬಟ್ಟೆಯ ಛಾವಣಿಯ ಕಾರು ನೋಡುವಾಗ ಕಿಟಕಿಯ ಮೇಲಂಚಿನ ಹಿಂಭಾಗ, ಒಳಗಿನ ಲೋಹದ ಚೌಕಟ್ಟು ಬಟ್ಟೆಗೆ ಉಜ್ಜುವ ಜಾಗವನ್ನು ಎರಡೂ ಬದಿ ನೋಡಿ. ಮೊದಲು ಅಲ್ಲಿ ಹೊಳಪು ಬರುತ್ತದೆ, ಆಮೇಲೆ ನೂಲು ಕಾಣುತ್ತದೆ, ಕೊನೆಗೆ ತೂತು. ಕತ್ತಲಲ್ಲಿ ಒಬ್ಬರು ಒಳಗಿನಿಂದ ಟಾರ್ಚ್ ಹಿಡಿದರೆ ಹೊರಗಿನಿಂದ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ನೂಲು ಕಂಡಿದ್ದರೆ ಛಾವಣಿ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಲು ಕೇಳಿ.

ಛಾವಣಿ ಮೇಲೆ ಬಿದ್ದ ನೀರು ಸೀಟಿನ ಹಿಂದಿನ ಕೊಳವೆಗಳ ಮೂಲಕ ಕಾರಿನ ಅಡಿಗೆ ಹೋಗಬೇಕು. ಎಲೆ, ದೂಳು ಕಟ್ಟಿಕೊಂಡರೆ ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ. ಛಾವಣಿ ಅರ್ಧ ತೆರೆದು, ಎರಡೂ ಬದಿಗೆ ಒಂದೊಂದು ಲೋಟ ನೀರು ನಿಧಾನ ಸುರಿಯಿರಿ. ಹಿಂದಿನ ಚಕ್ರದ ಹತ್ತಿರ ಕೆಳಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಬಾಗುವ ತೆಳು ನೈಲಾನ್ ತಂತಿಯಿಂದ ಬಿಡಿಸಿ. ಕಂಪ್ರೆಸರ್ ಗಾಳಿ ಬಿಡಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಆಮೇಲೆ ಬಿಚ್ಚಿ ಸೇರಿಸಬೇಕು.

ಉಪ್ಪಿನ ವಿಷಯಕ್ಕೆ ಬಂದರೆ, ಬಾನೆಟ್ ಅಲ್ಯೂಮಿನಿಯಂ, ಅದಕ್ಕೆ ಚಿಂತೆಯಿಲ್ಲ. ತೊಂದರೆ ಕೆಳಗಿದೆ. ಸಸ್ಪೆನ್ಷನ್ ತೋಳುಗಳಲ್ಲಿ ಅಲೈನ್‌ಮೆಂಟ್ (ಚಕ್ರಗಳ ಕೋನ) ಹೊಂದಿಸುವ ಬೋಲ್ಟ್‌ಗಳು ತುಕ್ಕು ಹಿಡಿದು, ತಾವು ಹಾದುಹೋಗುವ ಲೋಹದ ಕೊಳವೆಗೆ ಅಂಟಿಕೊಳ್ಳುತ್ತವೆ. ಆಗ ಕತ್ತರಿಸಿ ಹೊಸದು ಹಾಕುವುದೇ ದಾರಿ, ಅಲೈನ್‌ಮೆಂಟ್ ಖರ್ಚು ಹಲವು ಪಟ್ಟು ಏರುತ್ತದೆ. ಕೊಳ್ಳುವ ಮುಂಚೆ ಲಿಫ್ಟ್ ಮೇಲೆ ಏರಿಸಿ, ಈ ಬೋಲ್ಟ್ ತುದಿಗಳನ್ನೂ ಹಿಂದಿನ ಸಬ್‌ಫ್ರೇಮ್ ಬೆಸುಗೆಗಳನ್ನೂ ನೋಡಿ. ಮೇಲ್ಮೈ ಕಂದು ಬಣ್ಣಕ್ಕೆ ಹೆದರಬೇಡಿ. ಪದರ ಪದರವಾಗಿ ಏಳುತ್ತಿದ್ದರೆ ಬಿಟ್ಟುಬಿಡಿ.

ಚಳಿಗಾಲಕ್ಕೆ ಇನ್ನೊಂದು ಜೊತೆ ವೀಲ್ ಇಟ್ಟುಕೊಂಡು ವಿಂಟರ್ ಟೈರ್ ಹಾಕಿ: 195/50R16, 4x100 ಬೋಲ್ಟ್ ಅಳತೆ. ಬ್ರೆಂಬೊ ಬ್ರೇಕ್ ಇರುವ ಕ್ಲಬ್ ಮಾಡೆಲ್ ಆದರೆ 17 ಇಂಚೇ ಬೇಕು. ಹಿಂದಿನ ಚಕ್ರದ ಎಳೆತ ಸಮಸ್ಯೆಯೇ ಅಲ್ಲ, ಒಳ್ಳೆಯ ಟೈರ್ ಇದ್ದರೆ ನಡೆಯುತ್ತದೆ. ಹಿಮ ಬಂಪರ್ ಮಟ್ಟಕ್ಕೆ ಬಂದ ದಿನ ಮಾತ್ರ ದೊಡ್ಡ ಕಾರು ತೆಗೆಯಿರಿ.

ಡಿಕ್ಕಿ ಸುಮಾರು 130 ಲೀಟರ್. ಕ್ಯಾಬಿನ್‌ಗೆ ಒಯ್ಯುವ ಸೈಜಿನ ಎರಡು ಮೆತ್ತನೆ ಬ್ಯಾಗ್ ಹಿಡಿಯುತ್ತದೆ, ಅಷ್ಟೇ. ಊರಿಂದ ಬರುವವರ ದೊಡ್ಡ ಸೂಟ್‌ಕೇಸ್ ಒಂದೂ ಒಳಗೆ ಹೋಗುವುದಿಲ್ಲ. ಸ್ಟೆಪ್ನಿಯೂ ಇಲ್ಲ, ಪಂಕ್ಚರ್ ಅಂಟು ಮತ್ತು ಪುಟ್ಟ ಪಂಪ್ ಮಾತ್ರ. ಟೈರಿನ ಪಕ್ಕ ಸೀಳಿದರೆ ಟೋ ಮಾಡಿಸಬೇಕು.

ಲಾಂಗ್‌ಗೇರ್:

ಬಿಆರ್‌ಜೆಡ್ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ದಿನಾ ಓಡಿಸುವ ಒಂದೇ ಕಾರು ಎಂದಾದರೆ ನಾನು ಆ ಕಡೆಗೇ ವಾಲುತ್ತೇನೆ. ಗಟ್ಟಿ ಛಾವಣಿ, ಹಿಂದೆ ಚಿಕ್ಕದಾದರೂ ಎರಡು ಸೀಟು, ಅವನ್ನು ಮಡಚಿದರೆ ನಾಲ್ಕು ಟೈರ್ ಹಿಡಿಯುವ ಜಾಗ. 2013–16ರದ್ದು 200 ಎಚ್‌ಪಿ, ಮಿಯಾಟಾಗಿಂತ 400 ಪೌಂಡಿಗೂ ಹೆಚ್ಚು ಭಾರ.

ಆದರೆ ಎರಡು ಎಚ್ಚರಿಕೆ. 3,500ರಿಂದ 4,500 ಆರ್‌ಪಿಎಂ ನಡುವೆ ಟಾರ್ಕ್ ಕುಸಿಯುತ್ತದೆ, ಊರೊಳಗೆ ಓವರ್‌ಟೇಕ್ ಮಾಡುವಾಗ ಸರಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಎರಡನೆಯದು, 2013ರ ಕಾರುಗಳಿಗೆ 2018ರಲ್ಲಿ ವಾಲ್ವ್ ಸ್ಪ್ರಿಂಗ್ ರಿಕಾಲ್ ಬಂತು. ಎಂಜಿನ್ ಇಳಿಸಿ ಮಾಡುವ ಕೆಲಸ ಅದು. ಮತ್ತೆ ಜೋಡಿಸುವಾಗ ಹೆಚ್ಚಾದ ಸೀಲೆಂಟ್ ಒಳಗೆ ಉದುರಿ ಎಣ್ಣೆ ಹೀರುವ ಜಾಲರಿಗೆ ಕಟ್ಟಿಕೊಂಡರೆ ಬೇರಿಂಗ್ ಹೋಗುತ್ತದೆ. ರಿಕಾಲ್ ಆದ ಮೇಲೆ ಸಾವಿರಾರು ಮೈಲಿ ತೊಂದರೆಯಿಲ್ಲದೆ ಓಡಿದ್ದರೆ ಧೈರ್ಯದಿಂದ ಕೊಳ್ಳಿ.

ಸ್ಪ್ಯಾನರ್14:

ಪ್ರಯೋಜನದ ಲೆಕ್ಕದಲ್ಲಿ ಲಾಂಗ್‌ಗೇರ್ ಹೇಳಿದ್ದು ಒಪ್ಪುತ್ತೇನೆ. ಆದರೆ ಮನೆಯಲ್ಲಿ ದೊಡ್ಡ ಕಾರು ಇದೆ ಅಂದಿದ್ದಾರೆ, ಹಾಗಿದ್ದಮೇಲೆ ಹಿಂದಿನ ಸೀಟಿಗಾಗಿ 400 ಪೌಂಡ್ ಹೊರುವುದು ಯಾಕೆ? ಟೈರ್, ಬ್ರೇಕ್ ಪ್ಯಾಡ್, ಪೆಟ್ರೋಲ್ ಎಲ್ಲ ಮಿಯಾಟಾದಲ್ಲಿ ಉಳಿಯುತ್ತದೆ. 2016ರ ಮ್ಯಾನುಯಲ್‌ಗೆ ಇಪಿಎ (ಅಮೆರಿಕದ ಪರಿಸರ ಇಲಾಖೆ) ಮೈಲೇಜ್ ಅಂಕಿ ಊರೊಳಗೆ 27, ಹೈವೇಯಲ್ಲಿ 34 ಎಂಪಿಜಿ (ಗ್ಯಾಲನ್‌ಗೆ ಮೈಲಿ).

ಘಾಟಿ_ರಸ್ತೆ:

ತುಂಬಾ ಉಪಕಾರವಾಯಿತು. ಇನ್ನೆರಡು: ನಾನು 6 ಅಡಿ ಎತ್ತರ, ಕೂರಲು ಆಗುತ್ತಾ? ಮುಂದೊಂದು ದಿನ ಬೆಂಗಳೂರಿಗೆ ವಾಪಸ್ ಹೋಗುವಾಗ ಈ ಕಾರು ತರಬಹುದಾ?

ತುಂಗಾತೀರ:

ಬೆಂಗಳೂರಿನ ಆಸೆ ಬಿಡಿ. ಬಳಸಿದ ಕಾರನ್ನು ಭಾರತಕ್ಕೆ ತರಲು ಬಲಗಡೆ ಸ್ಟೀರಿಂಗ್ ಇರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ನಿಮ್ಮದು ಎರಡರಲ್ಲೂ ಸೋಲುತ್ತದೆ. ತಂದರೂ ಬಿಡಿಭಾಗ ಕೊಡುವವರು ಯಾರು? ಮಜ್ದಾ ಅಲ್ಲಿ ಕಾರು ಮಾರುವುದೇ ಇಲ್ಲ.

ಎತ್ತರದ ಮಾತು: 2019ಕ್ಕೆ ಮುಂಚಿನವುಗಳಲ್ಲಿ ಸ್ಟೀರಿಂಗ್ ಮೇಲೆ-ಕೆಳಗೆ ಹೋಗುತ್ತದೆ, ಹತ್ತಿರ-ದೂರ ಆಗುವುದಿಲ್ಲ. ಕಾಲಿಗೆ ಜಾಗ ಮಾಡಿಕೊಂಡು ಹಿಂದೆ ಸರಿದರೆ ಸ್ಟೀರಿಂಗ್ ದೂರವಾಗುತ್ತದೆ. ಛಾವಣಿ ಮುಚ್ಚಿ, ದಿನಾ ಹಾಕುವ ಶೂ ಹಾಕಿಕೊಂಡು, ಅರ್ಧ ಗಂಟೆಯಾದರೂ ಓಡಿಸಿ ನೋಡಿ. ಕ್ಲಚ್ ಒತ್ತುವಾಗ ಮೊಣಕಾಲು ಸ್ಟೀರಿಂಗಿಗೆ ತಾಗಿದರೆ, ಅಥವಾ ವಿಂಡ್‌ಶೀಲ್ಡ್ ಮೇಲಂಚು ಸಿಗ್ನಲ್ ಲೈಟನ್ನು ಮರೆಮಾಡಿದರೆ ಮುಂದೆ ಕಿರಿಕಿರಿ ತಪ್ಪಿದ್ದಲ್ಲ.

ಲಾಂಗ್‌ಗೇರ್:

ಇನ್ನೊಂದು ವಿಷಯ. ಟೆಸ್ಟ್ ಡ್ರೈವ್‌ಗೆ ಮುಂಚೆ ಟೈರ್ ಗಾಳಿ ಅಳೆಯಿರಿ. ಬಾಗಿಲ ಸ್ಟಿಕ್ಕರ್ ಹೇಳುವುದು 29 ಪಿಎಸ್‌ಐ. ಸರ್ವಿಸ್ ಅಂಗಡಿಗಳು ಅಭ್ಯಾಸಬಲದಿಂದ 35 ತುಂಬುತ್ತವೆ. ಇಷ್ಟು ಹಗುರ ಕಾರಿಗೆ ಆ ಗಾಳಿ ಹಾಕಿದರೆ ಪ್ರತಿ ಬಿರುಕಿಗೂ ಕುಪ್ಪಳಿಸುತ್ತದೆ, ತಿರುವಿನಲ್ಲಿ ಹಿಡಿತ ಕಡಿಮೆಯಾಗುತ್ತದೆ, ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ನೀವು ತಪ್ಪು ತಿಳಿಯುತ್ತೀರಿ. 29ಕ್ಕೆ ಇಳಿಸಿದ ಮೇಲೂ ತಿರುವಿನಲ್ಲಿ ಕಾರು ವಾಲುವುದು ಕಂಡರೆ ಗಾಬರಿಯಾಗಬೇಡಿ, ಮೂಲ ಸ್ಪ್ರಿಂಗ್ ಮೆತ್ತಗೇ ಇರುವುದು. ಅದು ಸಹಿಸದಿದ್ದರೆ ಬಿಲ್‌ಸ್ಟೀನ್ ಶಾಕ್ ಮತ್ತು ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಇರುವ ಕ್ಲಬ್ ಮಾಡೆಲ್ ಹುಡುಕಿ. ಸ್ಪೋರ್ಟ್ ಮಾಡೆಲ್ ಕೊಂಡು ಎಲ್‌ಎಸ್‌ಡಿ ಆಮೇಲೆ ಹಾಕಿಸುವುದು ದುಬಾರಿ.